ಮಗಳಿಗೊಂದು ಪತ್ರ: ರೆಡ್‌ವುಡ್ ಕಾಡಿನಲ್ಲಿ ಒಂದು ಅಗುಳೂ ಬೀಳದಿರಲಿ

ಪ್ರೀತಿಯ ಪುಟ್ಟಿ,

ಉತ್ತರ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಕಾಡಿನ ಪ್ರೇರಿ ಕ್ರೀಕ್ ಪಾರ್ಕಿನಲ್ಲಿ ಕ್ಯಾಬಿನ್ ಸಿಕ್ಕಿತು ಅಂತ ನಿನ್ನ ಮೆಸೇಜ್ ನೋಡಿ ತುಂಬಾ ಖುಷಿಯಾಯಿತು. ಆ ಕ್ಯಾಂಪ್‌ಗ್ರೌಂಡ್‌ನಲ್ಲಿ ಇರುವುದೇ ನಾಲ್ಕು ಕ್ಯಾಬಿನ್. ಜೂನ್‌ನಲ್ಲಿ ಅದು ಸಿಗುವುದು ಸುಲಭದ ಮಾತಲ್ಲ. ಕಾರು, ಟೈರು, ದಾರಿ ಎಲ್ಲ ಅಪ್ಪ ನೋಡಿಕೊಳ್ಳುತ್ತಾರೆ. ನಾನು ಊಟದ ವಿಷಯ ಬರೆಯುತ್ತೇನೆ. ಫೋನಿನಲ್ಲಿ ಹೇಳಿದರೆ "ಸರಿ ಅಮ್ಮ, ಸರಿ ಅಮ್ಮ" ಅಂತ ಮುಗಿಸಿಬಿಡುತ್ತೀಯ. ಇದನ್ನು ಕೂತು ಓದು. ಜೊತೆಗೆ ಬರುವ ನಿನ್ನ ಗೆಳತಿಯರಿಗೂ ಹೇಳು.

ಕ್ಯಾಬಿನ್‌ನಲ್ಲಿ ಲೈಟು, ಹೀಟರ್, ಮಲಗುವುದಕ್ಕೆ ಜಾಗ ಇರುತ್ತದೆ, ಅಷ್ಟೇ. ಅಡುಗೆಮನೆ ಇಲ್ಲ, ಬಾತ್‌ರೂಮ್ ಇಲ್ಲ. ಅಡುಗೆ, ಊಟ ಎಲ್ಲ ಹೊರಗಿನ ಟೇಬಲ್ ಮೇಲೆ. ಸ್ಲೀಪಿಂಗ್ ಬ್ಯಾಗ್, ಹೊದಿಕೆ ನೀವೇ ಒಯ್ಯಬೇಕು. ಬೇಸಿಗೆ ಅಂತ ಸ್ವೆಟರ್ ಬಿಟ್ಟು ಹೋಗಬೇಡ. ಅಲ್ಲಿ ಬೇಸಿಗೆಯಲ್ಲಿ ಮಳೆ ಕಡಿಮೆ, ಆದರೆ ಸಮುದ್ರದಿಂದ ಮಂಜು ಏರಿ ಬಂದು ಕಾಡಿನೊಳಗೆ ಕೂರುತ್ತದೆ. ಸೂಜಿಯಂಥ ಎಲೆಗಳಿಗೆ ತಾಗಿ, ಹನಿಗಟ್ಟಿ, ಬುಡಕ್ಕೆ ತೊಟ್ಟಿಕ್ಕುತ್ತದೆ. ಅಲ್ಲಿನ ಮುಗಿಲೆತ್ತರದ ರೆಡ್‌ವುಡ್ ಮರಕ್ಕೆ ವರ್ಷಕ್ಕೆ ಬೇಕಾದ ನೀರಿನಲ್ಲಿ ಸುಮಾರು ಮೂರನೇ ಒಂದು ಭಾಗ ಈ ಮಂಜಿನದೇ. ಬೆಳಿಗ್ಗೆ ಟೇಬಲ್ ಒದ್ದೆಯಾಗಿದ್ದರೆ ರಾತ್ರಿ ಮಳೆ ಬಂತು ಅಂದುಕೊಳ್ಳಬೇಡ.

ಈಗ ಮುಖ್ಯ ಮಾತು. ನೀವು ತಿಂಡಿಯ ಡಬ್ಬಿ ತೆಗೆದು ಐದು ನಿಮಿಷ ಆಗಿರುವುದಿಲ್ಲ, ಒಂದು ಹಕ್ಕಿ ಬಂದು ಟೇಬಲ್ ತುದಿಗೆ ಕೂರುತ್ತದೆ. ಮೈಯೆಲ್ಲ ಕಡುನೀಲಿ, ತಲೆ ಕಪ್ಪು, ಮೇಲೊಂದು ಜುಟ್ಟು. ಅದರ ಹೆಸರು ಸ್ಟೆಲ್ಲರ್ಸ್ ಜೇ. ಕಾಗೆಯ ಬಳಗದ್ದು. ಹೆದರಿಕೆ ಅನ್ನುವುದೇ ಇಲ್ಲ. ಕತ್ತು ಓರೆ ಮಾಡಿ ನಿನ್ನ ತಟ್ಟೆಯನ್ನೇ ನೋಡುತ್ತದೆ. ಒಂದು ತುಂಡು ಚಪಾತಿ ಹಾಕೋಣ ಅನ್ನಿಸಿಯೇ ಅನ್ನಿಸುತ್ತದೆ. ಹಾಕಬೇಡ. ಒಂದು ಅಗುಳು ಅನ್ನ ಕೂಡ ಹಾಕಬೇಡ.

ಅಜ್ಜಿ ದಿನಾ ಹಿತ್ತಲಲ್ಲಿ ಕಾಗೆಗೆ ಅನ್ನ ಇಟ್ಟು ಆಮೇಲೆ ಊಟಕ್ಕೆ ಕೂರುವುದನ್ನು ನೋಡಿಯೇ ನೀನು ಬೆಳೆದದ್ದು. ರಜೆಗೆ ತೀರ್ಥಹಳ್ಳಿಗೆ ಹೋದಾಗ ಆ ಕೆಲಸ ನಿನ್ನದೇ ಅಲ್ವಾ? ನನಗೂ ಹಕ್ಕಿಗೆ ಇಲ್ಲ ಅನ್ನುವುದು ಕಷ್ಟ. ಅಜ್ಜಿ ಮಾಡುವುದು ಅಲ್ಲಿಗೆ ಸರಿ. ಆದರೆ ರೆಡ್‌ವುಡ್ ಕಾಡಿನಲ್ಲಿ ಹಾಗಲ್ಲ. ಅಲ್ಲಿ ಜೇಗೆ ಹಾಕಿದ ತುತ್ತು ಇನ್ನೊಂದು ಹಕ್ಕಿಯ ಮೊಟ್ಟೆಗೆ ಕುತ್ತು ತರುತ್ತದೆ.

ಆ ಇನ್ನೊಂದು ಹಕ್ಕಿ ಮಾರ್ಬಲ್ಡ್ ಮರ್ಲೆಟ್. ಅದು ಕಡಲ ಹಕ್ಕಿ. ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಮೀನು ಹಿಡಿಯುವುದು, ಈಜುವುದು, ನಿದ್ದೆ ಎಲ್ಲ ಸಮುದ್ರದಲ್ಲೇ. ಮೊಟ್ಟೆ ಇಡುವುದಕ್ಕೆ ಮಾತ್ರ ಹಳೇ ಕಾಡು ಬೇಕು. ರೆಡ್‌ವುಡ್ಡೋ ಡಗ್ಲಸ್ ಫರ್ರೋ, ಮುದಿ ಮರದ ಅಗಲವಾದ ಕೊಂಬೆ ಬೇಕು, ಅದರ ಮೇಲೆ ದಪ್ಪಗೆ ಪಾಚಿ ಇರಬೇಕು. ಗೂಡು ಕಟ್ಟುವುದಿಲ್ಲ. ಆ ಪಾಚಿಯ ತಗ್ಗಿನಲ್ಲೇ ಒಂದು ಮೊಟ್ಟೆ ಇಡುತ್ತದೆ. ಒಂದೇ ಒಂದು. ಗಂಡು, ಹೆಣ್ಣು ಸರದಿ ಮೇಲೆ ಕಾವು ಕೂರುತ್ತವೆ. ಒಂದು ಕೂತಿದ್ದರೆ ಇನ್ನೊಂದು ಸಮುದ್ರದಲ್ಲಿ. ಸುಮಾರು 24 ಗಂಟೆಗೊಮ್ಮೆ, ಬೆಳಗಾಗುವ ಮೊದಲು, ಪಾಳಿ ಬದಲು. ಮರಿಯಾದ ಮೇಲೆ ಕಡಲಿನಿಂದ ಒಂದೊಂದೇ ಮೀನು ಕೊಕ್ಕಿನಲ್ಲಿ ಕಚ್ಚಿಕೊಂಡು ಕಾಡಿನ ಒಳಕ್ಕೆ ಹಾರಿ ಬರುತ್ತವೆ. ಹೆಚ್ಚುಕಡಿಮೆ ಒಂದು ತಿಂಗಳಿಗೆ ಮರಿ ತನ್ನ ಮೈಮೇಲಿನ ಎಳೇ ತುಪ್ಪಳವನ್ನು ತಾನೇ ಕಿತ್ತುಕೊಂಡು, ಒಂದು ಸಂಜೆ ಕೊಂಬೆ ಬಿಟ್ಟು ಹಾರುತ್ತದೆ. ಅದೇ ಮೊದಲ ಹಾರಾಟ. ಜೊತೆಗೆ ಯಾರೂ ಇಲ್ಲ. ನೇರ ಸಮುದ್ರಕ್ಕೆ.

ಈ ಹಕ್ಕಿ ಮೊಟ್ಟೆ ಇಡುವುದು ಎಲ್ಲಿ ಅಂತ ಹಕ್ಕಿ ತಜ್ಞರಿಗೇ ಬಹಳ ಕಾಲ ಗೊತ್ತಿರಲಿಲ್ಲ. 1974ರಲ್ಲಿ ನಿಮ್ಮ ಸಾಂತಾ ಕ್ರೂಸ್ ಬೆಟ್ಟಗಳಲ್ಲೇ, ಬಿಗ್ ಬೇಸಿನ್ ಪಾರ್ಕಿನಲ್ಲಿ, ಮರ ಸವರುವ ಕೆಲಸಗಾರರೊಬ್ಬರು ಡಗ್ಲಸ್ ಫರ್ ಹತ್ತಿದ್ದರು. ನೆಲದಿಂದ ಸುಮಾರು 45 ಮೀಟರ್ ಮೇಲೆ, ಕೊಂಬೆಯ ಪಾಚಿಯಲ್ಲಿ ಒಂದು ಮರಿ ಕಂಡಿತು. ಕ್ಯಾಲಿಫೋರ್ನಿಯಾದಲ್ಲಿ ಅದು ಮರಿ ಮಾಡುವ ಜಾಗ ಗೊತ್ತಾದದ್ದು ಹಾಗೆ. ಅದೂ ಜನ ಟೆಂಟ್ ಹಾಕಿ ಊಟ ಮಾಡುವ ಜಾಗದ ನೆತ್ತಿಯ ಮೇಲೆ. ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಅದೇ ಬಿಗ್ ಬೇಸಿನ್ 2020ರ ಆಗಸ್ಟ್‌ನಲ್ಲಿ ಸಿಡಿಲಿನ ಬೆಂಕಿಗೆ ಹೆಚ್ಚುಕಡಿಮೆ ಪೂರ್ತಿ ಸುಟ್ಟಿತು. ನೀನು ಚಿಕ್ಕವಳಿದ್ದಾಗ ನಾವು ಉಳಿದುಕೊಂಡಿದ್ದ ಟೆಂಟ್ ಕ್ಯಾಬಿನ್‌ಗಳೂ ಹೋದವು. ರೆಡ್‌ವುಡ್ ಮರಗಳು ಮಾತ್ರ ಕರಕಲು ಕಾಂಡದಿಂದಲೇ ಹಸಿರು ಚಿಗುರಿದವು. ಒಂದಡಿ ದಪ್ಪ ತೊಗಟೆ ಅವನ್ನು ಕಾಯುತ್ತದೆ. ಮರ್ಲೆಟ್‌ಗೆ ಬೇಕಾದ ಅಗಲವಾದ ಹಳೇ ಕೊಂಬೆ ಮತ್ತೆ ಆಗುವುದಕ್ಕೆ ಮಾತ್ರ ನೂರಾರು ವರ್ಷ ಬೇಕು. ಕರಾವಳಿಯ ಹಳೇ ರೆಡ್‌ವುಡ್ ಕಾಡಿನಲ್ಲಿ ಮರ ಕಡಿತಕ್ಕೆ ಹೋಗಿ ಉಳಿದಿರುವುದು ಶೇಕಡಾ 5ರಷ್ಟು. ನೀವು ಹೋಗುತ್ತಿರುವ ಪ್ರೇರಿ ಕ್ರೀಕ್ ಆ ಐದರಲ್ಲಿ ಒಂದು ತುಣುಕು. 1992ರಿಂದ ಈ ಹಕ್ಕಿಯ ಹೆಸರು ಕ್ಯಾಲಿಫೋರ್ನಿಯಾದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

ಈಗ ಜೇ ಕಥೆ ಸೇರಿಸಿಕೋ. ಊಟದ ಚೂರು ಸಿಗುವ ಕಡೆ ಜೇಗಳ ಸಂಖ್ಯೆ ಏರುತ್ತದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಒಳಗಿನ ಕಾಡಿಗಿಂತ ಎಷ್ಟೋ ಜಾಸ್ತಿ ಜೇ ಇರುತ್ತವೆ. ಹೊಟ್ಟೆ ತುಂಬಿದ ಮೇಲೂ ಅವು ಮರ ಮರ ತಡಕುತ್ತವೆ. ಕೊಂಬೆಯ ಮೇಲೆ ಬಯಲಲ್ಲಿ ಕೂತ ಮೊಟ್ಟೆ ಕಣ್ಣಿಗೆ ಬಿದ್ದರೆ ಬಿಡುತ್ತವೆಯೇ? ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಜೋಡಿಗೆ ಆ ವರ್ಷದ ಪಾಡು ಅಲ್ಲಿಗೆ ಮುಗಿಯಿತು.

ಹಂಬೋಲ್ಟ್ ಕಡೆಯ ಸಂಶೋಧಕರು ಇದಕ್ಕೊಂದು ಉಪಾಯ ಮಾಡಿದ್ದರು. ಸಣ್ಣ ಕೋಳಿಮೊಟ್ಟೆಗಳಿಗೆ ಮರ್ಲೆಟ್ ಮೊಟ್ಟೆಯ ಹಾಗೆ ತಿಳಿ ಹಸಿರು ಬಣ್ಣ ಬಳಿದು, ಕಂದು ಚುಕ್ಕೆ ಇಟ್ಟು, ಒಳಗೆ ವಾಂತಿ ಬರಿಸುವ ಮದ್ದು ಸೇರಿಸಿ ಕಾಡಿನಲ್ಲಿ ಇಟ್ಟರು. ತಿಂದ ಜೇ ಒಂದು ಸಲ ಕಕ್ಕಿತೆಂದರೆ ಆ ಬಣ್ಣದ ಮೊಟ್ಟೆಯ ಸಹವಾಸಕ್ಕೇ ಹೋಗುವುದಿಲ್ಲ. ಒಳ್ಳೇ ಕೆಲಸ. ಆದರೆ ಎಲ್ಲಕ್ಕಿಂತ ಮೊದಲು ಚೂರು ಬೀಳುವುದು ನಿಲ್ಲಬೇಕು. ಪಾರ್ಕಿನವರು ಎಲ್ಲ ಕಡೆ ಬೋರ್ಡ್ ಹಾಕಿರುತ್ತಾರೆ. ಬರುವವರು ಹೋಗುವವರು ಅದನ್ನು ಓದಿ ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ.

ಅದಕ್ಕೇ ಅಡುಗೆ ಯೋಚನೆ ಮಾಡಿಯೇ ಕಳಿಸುತ್ತಿದ್ದೇನೆ. ಚುರುಮುರಿ ಬೇಡವೇ ಬೇಡ. ಮಂಡಕ್ಕಿ ಎಷ್ಟು ಹುಷಾರಾಗಿ ತಿಂದರೂ ಕೆಳಗೆ ಚೆಲ್ಲುತ್ತದೆ, ಅದೂ ಮರದ ಟೇಬಲ್ ಸಂದಿಯಲ್ಲಿ ಸಿಕ್ಕಿದರೆ ಮುಗಿಯಿತು. ಖಾರ ಸೇವೆ, ಚಕ್ಕುಲಿ ಕಾರಿನೊಳಗೆ ತಿಂದು ಮುಗಿಸಿ. ಚಪಾತಿ, ಗಟ್ಟಿ ಪಲ್ಯ, ಪುಳಿಯೋಗರೆ ಗೊಜ್ಜು ಕೊಟ್ಟಿದ್ದೇನೆ. ಅನ್ನ ಕಲಸಿದ್ದನ್ನು ಚಿಕ್ಕ ಬಟ್ಟಲಲ್ಲಿ ಬಡಿಸಿಕೊಳ್ಳಿ, ಅಗಲ ತಟ್ಟೆ ಬೇಡ. ಟೇಬಲ್ ಮೇಲೆ ಹಾಸುವುದಕ್ಕೆ ಹಳೇ ಪಂಚೆ ಇಟ್ಟಿದ್ದೇನೆ. ಊಟ ಆದ ಕೂಡಲೇ ನಾಲ್ಕು ತುದಿ ಸೇರಿಸಿ ಎತ್ತಿ, ಕಸದ ಚೀಲದೊಳಗೆ ಕೊಡವಿಬಿಡಿ. ಆಮೇಲೆ ಒಬ್ಬರು ಬಗ್ಗಿ ಬೆಂಚಿನ ಕೆಳಗೂ ನೋಡಬೇಕು. ಪಾತ್ರೆ ತೊಳೆದ ನೀರನ್ನು ಮರದ ಬುಡಕ್ಕೆ ಚೆಲ್ಲಬೇಡಿ. ಜರಡಿಯಲ್ಲಿ ಸೋಸಿ, ಚೂರು ಕಸಕ್ಕೆ ಹಾಕಿ, ನೀರನ್ನು ಅವರು ತೋರಿಸಿದ ಜಾಗದಲ್ಲೇ ಸುರಿಯಿರಿ. ನೀವು ಅತ್ತ ಇತ್ತ ಹೋಗುವಾಗ ತಿನ್ನುವ ಪದಾರ್ಥವೆಲ್ಲ ಕಬ್ಬಿಣದ ಲಾಕರ್ ಒಳಗೆ ಇರಬೇಕು. ಕರಡಿ ಇರುವ ಕಾಡು ಅದು, ಟೂತ್‌ಪೇಸ್ಟು, ಸೋಪು ಕೂಡ ಅಲ್ಲೇ.

ಒಂದು ದಿನವಾದರೂ ಐದು ಗಂಟೆಗೆ ಎದ್ದು ಹೊರಗೆ ಬಾ. ಕತ್ತಲಿರುವಾಗಲೇ ಮರ್ಲೆಟ್ ಸಮುದ್ರದಿಂದ ಬರುವ ಹೊತ್ತು ಅದು. ಹಕ್ಕಿ ಕಾಣುವುದು ಕಷ್ಟ, ಗುಂಡು ಹೊಡೆದ ವೇಗದಲ್ಲಿ ಹೋಗಿಬಿಡುತ್ತದೆ. ಆದರೆ ಮರಗಳ ಮೇಲಿಂದ "ಕೀರ್, ಕೀರ್" ಅಂತ ಕೂಗು ಕೇಳಬಹುದು. ಕೇಳಿಸಿದರೆ ನನಗೆ ಮೊದಲು ಹೇಳಬೇಕು, ಸ್ನೇಹಿತರಿಗೆಲ್ಲ ಆಮೇಲೆ.

ಇನ್ನೆರಡು ಮಾತು. ಹೈಪರಿಯನ್ ಅನ್ನುವ ಜಗತ್ತಿನ ಅತಿ ಎತ್ತರದ ಮರ ಅದೇ ಸೀಮೆಯಲ್ಲಿದೆ, 115 ಮೀಟರ್‌ಗಿಂತ ಜಾಸ್ತಿ. ಯಾರಾದರೂ ಹುಡುಕಿಕೊಂಡು ಹೋಗೋಣ ಅಂದರೆ ಒಪ್ಪಬೇಡ. ದಾರಿಯಿಲ್ಲದ ಕಡೆ ಜನ ನುಗ್ಗಿ ನುಗ್ಗಿ ಬುಡದ ನೆಲವೆಲ್ಲ ತುಳಿದು ಹಾಕಿದರು. ರೆಡ್‌ವುಡ್ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲುಮೇಲೆಯೇ ಹರಡುತ್ತದೆ. ಅದಕ್ಕೇ 2022ರಲ್ಲಿ ಆ ಜಾಗ ಮುಚ್ಚಿದರು. ಸಿಕ್ಕಿಬಿದ್ದರೆ 5000 ಡಾಲರ್‌ವರೆಗೆ ದಂಡ, ಜೈಲೂ ಆಗಬಹುದು. ಹುಲ್ಲುಗಾವಲಿನಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳ ಹಿಂಡು ಇರುತ್ತದೆ. ಫೋಟೋಗೆ ಅಂತ ಹತ್ತಿರ ಹೋಗಬೇಡಿ. ಜೂನ್‌ನಲ್ಲಿ ಮರಿ ಜೊತೆಗಿರುವ ತಾಯಿಗಳು ಮುನ್ನುಗ್ಗಿ ಬರುತ್ತವೆ.

ಅಲ್ಲೇ ಇರುವ ಫರ್ನ್ ಕ್ಯಾನ್ಯನ್ ಕಣಿವೆಗೆ ಕಾರಲ್ಲಿ ಹೋಗುವುದಾದರೆ ಬೇಸಿಗೆಯಲ್ಲಿ ಮೊದಲೇ ಪರ್ಮಿಟ್ ಬೇಕು, ಈ ವಾರವೇ ಆನ್‌ಲೈನ್‌ನಲ್ಲಿ ನೋಡು. ಸಾಂತಾ ಕ್ರೂಸ್‌ನಿಂದ 600 ಕಿಲೋಮೀಟರಿಗೂ ಜಾಸ್ತಿ ದಾರಿ, ಒಬ್ಬಳೇ ಪೂರ್ತಿ ಓಡಿಸಬೇಡ. ದಾರಿಯಲ್ಲಿ ಸಿಗುವ ಯುರೇಕಾ ಊರಿನಲ್ಲಿ ಪೆಟ್ರೋಲ್ ಹಾಕಿಸಿ, ಅಲ್ಲಿಂದಲೇ ನನಗೊಂದು ಫೋನ್ ಮಾಡು. ಆಮೇಲೆ ಸಿಗ್ನಲ್ ಸಿಗುವುದು ಕಷ್ಟ.

ನಿನ್ನ
ಅಮ್ಮ