ನಿನ್ನ ಪಾಲಿನ ಅರ್ಧ

ಹಾಸನ

ಪ್ರೀತಿಯ ಮಗು,

ಪ್ರಭು ಯೇಸುವಿನ ಶಾಂತಿ ನಿನಗೂ ಮನೆಯವರಿಗೂ ಇರಲಿ. ನಿನ್ನ ಅಪ್ಪ, ನನ್ನ ಅಣ್ಣ, ತೀರಿಹೋದ ತಿಂಗಳ ಪೂಜೆ ಮುಗಿಸಿಕೊಂಡು ಬೆಂಗಳೂರಿಗೆ ಹೊರಟಾಗ, ಬಸ್ ನಿಲ್ದಾಣದಲ್ಲಿ ಬ್ಯಾಗನ್ನು ಹೆಗಲಿಗೇರಿಸುತ್ತಾ ನೀನು ಆಡಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. "ಅತ್ತೆ, ಇನ್ನು ಮೇಲೆ ನಾನು ಪೂಜೆಗೆ ಹೋಗುವುದಿಲ್ಲ. ನಂಬಿಕೆ ಇಲ್ಲದವನು ಬೆಂಚಿನ ಮೇಲೆ ಕೂತು ಬಾಯಿ ಆಡಿಸಿದರೆ ಅದು ನಾಟಕವಾಗುತ್ತದೆ" ಎಂದೆ. ಉತ್ತರ ಕೊಡುವಷ್ಟರಲ್ಲಿ ಬಸ್ಸು ಹೊರಟಿತು. ಫೋನಿನಲ್ಲಿ ಇಂಥದ್ದನ್ನೆಲ್ಲ ಮಾತನಾಡಲು ನನಗೆ ಬರುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಕಾಗದ ಮುಂದಿದ್ದರೇ ಮಾತು ನೆಟ್ಟಗೆ ಹೊರಡುವುದು.

ನಿನ್ನ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಏಳು ತಿಂಗಳು ವಾರಕ್ಕೆ ಮೂರು ಸಲ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋದವನು ನೀನು. ಒಂಬತ್ತು ದಿನದ ನವೇನ ಮುಗಿದರೆ ಮತ್ತೊಂದನ್ನು ಶುರು ಮಾಡಿದವನೂ ನೀನೇ. ಅಣ್ಣ ಹೋದ, ಅದರ ಹಿಂದೆಯೇ ನಿನ್ನ ಕೆಲಸವೂ ಹೋಯಿತು. ಮಣ್ಣು ಮಾಡಿ ಬಂದ ದಿನ ಚರ್ಚಿನ ಬಾಗಿಲಲ್ಲಿ ಧರ್ಮಸಭೆಯ ಪವಿತ್ರ ವರ್ಷವಾದ 2025ರ ಜೂಬಿಲಿಯ ಬ್ಯಾನರು, ಅದರ ಮೇಲೆ 'ಭರವಸೆಯ ಯಾತ್ರಿಕರು' ಎಂಬ ದೊಡ್ಡ ಅಕ್ಷರಗಳು. ಅದನ್ನು ಓದಿ ನೀನು ಮುಖ ತಿರುಗಿಸಿದ್ದನ್ನು ನಾನು ನೋಡಿದೆ. ಆ ಗಳಿಗೆಯಲ್ಲಿ ನನಗೂ ಅದನ್ನು ಓದಲಾಗಲಿಲ್ಲ.

ಬೈಬಲಿನ 88ನೆಯ ಕೀರ್ತನೆಯನ್ನು ಒಮ್ಮೆ ತೆಗೆದು ನೋಡು. ಉಳಿದ ಗೋಳಿನ ಕೀರ್ತನೆಗಳು ಬಹುಮಟ್ಟಿಗೆ ಅತ್ತು ಅತ್ತು ಕೊನೆಗೆ ದೇವರನ್ನು ಕೊಂಡಾಡುತ್ತವೆ. ಇದು ಹಾಗೆ ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. ಅದನ್ನು ಧರ್ಮಸಭೆ ಬಚ್ಚಿಡಲಿಲ್ಲ. ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನ ಗುರುಗಳೂ ಕನ್ಯಾಸ್ತ್ರೀಯರೂ ಹೇಳುವ ಪ್ರಾರ್ಥನೆಯಲ್ಲಿ ಇರಿಸಿದೆ. ನೀನು ದೇವರಿಗೆ ಹೇಳಬಾರದೆಂದುಕೊಂಡ ಮಾತನ್ನು ಅವರು ವಾರ ವಾರವೂ ಹೇಳಿ ಮಲಗುತ್ತಿದ್ದಾರೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಪ್ರಾರ್ಥನಾ ಕೂಟದಿಂದ ಮನೆಗೆ ಬಂದವರೊಬ್ಬರು, ಮಗನ ವಿಶ್ವಾಸ ಇನ್ನಷ್ಟು ಗಟ್ಟಿಯಾಗಿದ್ದರೆ ತಂದೆ ಗುಣವಾಗುತ್ತಿದ್ದರು ಎಂದು ನಿನ್ನ ಎದುರಿಗೇ ಹೇಳಿದರಂತೆ. ಅದನ್ನು ಕೇಳಿ ನನ್ನ ಮೈ ಉರಿಯಿತು. ಹುಟ್ಟು ಕುರುಡನನ್ನು ತೋರಿಸಿ, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸು ಇವನೂ ಅಲ್ಲ, ಅವರೂ ಅಲ್ಲ ಎಂದರು. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಆ ಮನುಷ್ಯರ ಮಾತನ್ನು ಹೊಸ್ತಿಲ ಆಚೆಗೇ ಬಿಡು.

ಈಗ ನಿನ್ನ 'ನಾಟಕ'ದ ಮಾತಿಗೆ ಬರುತ್ತೇನೆ. ವಿಶ್ವಾಸವೆಂದರೆ ಒಬ್ಬೊಬ್ಬರು ತಮ್ಮ ತಮ್ಮ ಎದೆಯಲ್ಲಿ ಕೂಡಿಟ್ಟುಕೊಳ್ಳುವ ಸ್ವಂತ ಆಸ್ತಿ, ಅದು ಖರ್ಚಾದವನು ಎದ್ದು ಹೊರಗೆ ಹೋಗಬೇಕು ಎಂದು ನೀನು ತಿಳಿದಂತಿದೆ. ಕಥೋಲಿಕರು ಎಂದೂ ಹಾಗೆ ನಂಬಿದವರಲ್ಲ. ಕಫೆರ್ನಾವುಮಿನಲ್ಲಿ ನಾಲ್ವರು ಮನೆಯ ಮಾಳಿಗೆಯನ್ನು ಬಿಚ್ಚಿ ಪಾರ್ಶ್ವವಾಯು ಬಡಿದವನನ್ನು ಹಾಸಿಗೆ ಸಮೇತ ಕೆಳಗಿಳಿಸಿದಾಗ, ಯೇಸು 'ಅವರ' ವಿಶ್ವಾಸವನ್ನು ಕಂಡರು ಎಂದು ಸಂತ ಮಾರ್ಕರು ಬರೆಯುತ್ತಾರೆ. ಮಲಗಿದ್ದವನ ಮನಸ್ಸಿನಲ್ಲಿ ಏನಿತ್ತೋ ಯಾರೂ ಕೇಳಲಿಲ್ಲ. ಪೂಜೆಯಲ್ಲಿ ಪರಸ್ಪರ ಶಾಂತಿ ಹೇಳಿಕೊಳ್ಳುವ ಮುನ್ನ ಗುರುಗಳು, ನಮ್ಮ ಪಾಪಗಳನ್ನು ನೋಡದೆ ನಿಮ್ಮ ಧರ್ಮಸಭೆಯ ವಿಶ್ವಾಸವನ್ನು ನೋಡಿ ಎಂದು ಬೇಡುತ್ತಾರಲ್ಲ, ಅದನ್ನು ನೀನು ಚಿಕ್ಕಂದಿನಿಂದ ಕೇಳಿದ್ದೀಯೆ. ಬೆಂಚಿನ ಮೇಲೆ ಬರಿಗೈಯಲ್ಲಿ ಕೂತವನಿಗೆಂದೇ ಆ ಮಾತು ಇರುವುದು.

ನಮ್ಮ ಅಮ್ಮ, ಅಂದರೆ ನಿನ್ನ ಅಜ್ಜಿ, ಶೆಟ್ಟಿಹಳ್ಳಿಯ ಕಡೆಯವರೆಂದು ನಿನಗೆ ಗೊತ್ತು. ಅಲ್ಲಿ ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ ಜಪಮಾಲೆ ಮಾತೆಯ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ನಿಂತು, ಬೇಸಿಗೆಯಲ್ಲಿ ಮತ್ತೆ ನೆಲದ ಮೇಲೆ ಕಾಣುತ್ತದೆ. ಚಾವಣಿ ಇಲ್ಲ, ಕಮಾನುಗಳು ಬೋಳಾಗಿವೆ, ಗೋಡೆಗಳು ಕುಸಿಯುತ್ತಿವೆ. ಮದುವೆಯ ಫೋಟೊ ತೆಗೆಸಿಕೊಳ್ಳಲು ಬರುವವರು ಅದನ್ನು ಸುಂದರ ಎನ್ನುತ್ತಾರೆ. ನನಗೆ ಅಲ್ಲಿ ಸೌಂದರ್ಯ ಕಾಣುವುದಿಲ್ಲ. ನಾನು ಕಾಲೇಜು ಓದುವಾಗ ಅಮ್ಮನ ಜೊತೆ ಒಮ್ಮೆ ದಡದಲ್ಲಿ ನಿಂತಿದ್ದೆ. ಅಮ್ಮ ಸೆರಗಿನ ಗಂಟಿನಿಂದ ಜಪಸರ ತೆಗೆದು, ನೀರಿನ ಕಡೆ ಮುಖ ಮಾಡಿ 'ನಮೋ ಮರಿಯ' ಎಂದು ಮಣಿಯ ಪ್ರಾರ್ಥನೆಯ ಮೊದಲರ್ಧ ಹೇಳಿ, ಜೊತೆಗಿದ್ದವರು ಹೇಳಬೇಕಾದ ಉಳಿದರ್ಧಕ್ಕೆ ನನಗಾಗಿ ನಿಲ್ಲಿಸಿದಳು. ಅಳು ಬಂದು ನನ್ನ ಗಂಟಲು ಕಟ್ಟಿತ್ತು, 'ಸಂತ ಮರಿಯ' ಎನ್ನಲು ಆಗಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಕಾದು ನನ್ನ ಅರ್ಧವನ್ನೂ ತಾನೇ ಹೇಳಿ, ಮುಂದಿನ ಮಣಿಗೆ ಬೆರಳು ಸರಿಸಿ, ಮತ್ತೆ ತನ್ನ ಅರ್ಧ ಹೇಳಿ ಮತ್ತೆ ಕಾದಳು. ಹತ್ತೂ ಮಣಿ ಹಾಗೆಯೇ. ಒಂದು ಸಲವೂ ನನ್ನನ್ನು ಗದರಲಿಲ್ಲ, ಕಾಯುವುದನ್ನೂ ಬಿಡಲಿಲ್ಲ. ಹಿನ್ನೀರು ಬಂದು ಊರವರು ಹೊರಟಾಗ ಕಲ್ಲಿನ ಗೋಡೆ ಅಲ್ಲಿಯೇ ಉಳಿಯಿತು, ಜಪಸರ ಮಾತ್ರ ಅವರವರ ಗಂಟಿನಲ್ಲಿ ಹೋಯಿತು.

ವಿಯೆಟ್ನಾಮಿನ ಆರ್ಚ್‌ಬಿಷಪ್ ನ್ಗುಯೆನ್ ವಾನ್ ಥುವಾನ್ ಅವರ ವಿಷಯವನ್ನು ನಿನಗೆ ಹಿಂದೆಯೂ ಹೇಳಿದ್ದೆ. ಆಗ ನೀನು ಹುಡುಗ, ಕೇಳಿಸಿಕೊಂಡಿರಲಾರೆ. 1975ರಲ್ಲಿ ಅವರನ್ನು ಬಂಧಿಸಿ ಹದಿಮೂರು ವರ್ಷ ಸೆರೆಯಲ್ಲಿಟ್ಟರು. ಅದರಲ್ಲಿ ಒಂಬತ್ತು ವರ್ಷ ಒಂಟಿಯಾಗಿ. ಹೊಟ್ಟೆನೋವಿನ ಔಷಧಿಯೆಂದು ಹೊರಗಿನವರು ಕಳುಹಿಸಿದ ಪುಟ್ಟ ಸೀಸೆಯ ದ್ರಾಕ್ಷಾರಸದಲ್ಲಿ ಮೂರು ಹನಿ, ನೀರು ಒಂದು ಹನಿ ಅಂಗೈಯಲ್ಲಿ ಹಾಕಿಕೊಂಡು ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ಶಿಬಿರದಲ್ಲಿ ಐವತ್ತು ಮಂದಿ ಒಂದೇ ಹಾಸಿನ ಮೇಲೆ ಮಲಗಬೇಕಾಗಿದ್ದಾಗ, ರಾತ್ರಿ ದೀಪ ಆರಿದ ಮೇಲೆ ಅವರು ಬಗ್ಗಿ ಕೂತು ನೆನಪಿನಿಂದಲೇ ಪೂಜೆ ಹೇಳಿ, ಸೊಳ್ಳೆಪರದೆಯ ಅಡಿಯಿಂದ ಕೈ ಚಾಚಿ ಅಕ್ಕಪಕ್ಕದ ಕಥೋಲಿಕರಿಗೆ ರೊಟ್ಟಿಯ ರೂಪದ ಪರಮಪ್ರಸಾದ ಕೊಡುತ್ತಿದ್ದರು. ಉಳಿದದ್ದನ್ನು ಸಿಗರೇಟ್ ಪ್ಯಾಕಿನ ಕಾಗದದಲ್ಲಿ ಮಡಿಸಿ, ಬರಲಾಗದವರಿಗೆ ಕಳುಹಿಸುತ್ತಿದ್ದರು. ಬಿಷಪ್ಪರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗಂತೂ ಕತ್ತಲಲ್ಲಿ ಕೈ ಒಡ್ಡಿದವನೇ ಹೆಚ್ಚು ನೆನಪಾಗುತ್ತಾನೆ. ಅವನ ವಿಶ್ವಾಸ ಅಂದು ಎಷ್ಟಿತ್ತು ಎಂದು ಯಾರಿಗೆ ಗೊತ್ತು? ಅವನು ಕೈ ಒಡ್ಡಿದ, ಅಷ್ಟೇ.

ಭಾವನೆ ಬತ್ತಿದರೆ ವಿಶ್ವಾಸ ಸತ್ತಿತೆಂದೂ ತಿಳಿಯಬೇಡ. ಲಿಸ್ಯೂವಿನ ಸಂತ ತೆರೇಸಾ 1896ರ ಪಾಸ್ಕ ಹಬ್ಬದಿಂದ, ಅಂದರೆ ಈಸ್ಟರಿನಿಂದ, 1897ರ ಸೆಪ್ಟೆಂಬರ್ 30ರಂದು ಸಾಯುವವರೆಗೂ, ಸ್ವರ್ಗವಿದೆಯೇ ಎಂಬ ಅನುಮಾನದ ಕತ್ತಲಲ್ಲೇ ಇದ್ದರು. ನಾವು ನಂಬುವುದನ್ನೆಲ್ಲ ಹೇಳುವ ವಿಶ್ವಾಸಸಂಗ್ರಹವನ್ನು ತಮ್ಮ ರಕ್ತದಲ್ಲಿ ಬರೆದು ಎದೆಯ ಮೇಲೆ ಇಟ್ಟುಕೊಂಡಿದ್ದರು. ನಿನ್ನಿಂದ ಅಂಥದ್ದನ್ನೇನೂ ನಾನು ಕೇಳುತ್ತಿಲ್ಲ.

ನಾನು ಕೇಳುವುದು ಸಣ್ಣ ಕೆಲಸ. ಭಾನುವಾರ ಕಡೆಯ ಬೆಂಚಿನಲ್ಲಿ ಹೋಗಿ ಕೂತುಕೋ. ಹಾಡಬೇಡ, ಪರಮಪ್ರಸಾದಕ್ಕೆ ಹೋಗುವ ಮನಸ್ಸಿಲ್ಲದಿದ್ದರೆ ಎದ್ದು ಹೋಗಬೇಡ, ಕೂತಿರು. ಮನಸ್ಸಾದ ದಿನ ಪಾಪನಿವೇದನೆಗೆ ಹೋಗಿ, ದೇವರ ಮೇಲಿನ ಸಿಟ್ಟನ್ನೂ ಅಲ್ಲಿಯೇ ಹೇಳು. ಗುರುಗಳು ಅದಕ್ಕಿಂತ ಹೆಚ್ಚಿನದನ್ನು ಕೇಳಿದವರು. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಬೆಳಗಿನವರೆಗೂ ನಿದ್ದೆ ಬರುವುದಿಲ್ಲ ಎಂದು ನಿನ್ನ ಹೆಂಡತಿ ಹೇಳಿದಳು. ಅದಕ್ಕೆ ಜಪಸರ ಒಂದೇ ಸಾಲದು, ಡಾಕ್ಟರ ಬಳಿಗೆ ಹೋಗು, ಈ ವಾರವೇ ಹೋಗು. ಔಷಧಿ ತೆಗೆದುಕೊಳ್ಳುವುದು ಅಪನಂಬಿಕೆಯಲ್ಲ. ಕೆಲಸ ಸಿಗುವವರೆಗೆ ಮಗುವಿನ ಶಾಲೆಯ ಶುಲ್ಕದ ಚಿಂತೆ ನನಗೆ ಬಿಡು. ಪೆನ್ಶನ್ ಬರುತ್ತದೆ, ನನಗೆ ಖರ್ಚೇನಿದೆ?

ಸಂಜೆ ಏಳೂವರೆಗೆ ನಾನು, ಚಿಕ್ಕಮ್ಮ, ಪಕ್ಕದ ಮನೆಯವರು ಇಬ್ಬರು ನಡುಮನೆಯಲ್ಲಿ ಜಪಸರಕ್ಕೆ ಕೂರುತ್ತೇವೆ. ಅಣ್ಣ ಕೂರುತ್ತಿದ್ದ ಮರದ ಕುರ್ಚಿಯನ್ನು ಯಾರೂ ಸರಿಸಿಲ್ಲ. ಆ ಹೊತ್ತಿಗೆ ಫೋನ್ ಮಾಡಿದರೆ ನಾನು ಅದನ್ನು ಸ್ಪೀಕರಿಗೆ ಹಾಕಿ ಆ ಕುರ್ಚಿಯ ಮೇಲೆ ಇಡುತ್ತೇನೆ. ನೀನು ಏನೂ ಹೇಳಬೇಕಾಗಿಲ್ಲ. ನಮ್ಮ ಅರ್ಧ ನಾವು ಹೇಳಿ, ಸ್ವಲ್ಪ ಹೊತ್ತು ಕಾದು, ನಿನ್ನದನ್ನೂ ನಾವೇ ಹೇಳುತ್ತೇವೆ.

ನಿನ್ನ
ಅತ್ತೆ