ಟ್ರೇಲರ್ ಮನೆಗೆ ರುಜು ಹಾಕುವ ಮುನ್ನ ನೀರು ತುಂಬಿಸಿ ನೋಡಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತಿ ಬಂದ ಕನ್ನಡಿಗ ಕುಟುಂಬವೊಂದರ ಪ್ರವಾಸ ಲೇಖನವನ್ನು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಓದಿದೆ. ಲೇಖನ ಸೊಗಸಾಗಿದೆ, ಚಿತ್ರಗಳೂ ಚೆನ್ನಾಗಿವೆ. ಹೊಸ ಟ್ರಾವೆಲ್ ಟ್ರೇಲರ್‌ನ ಕೀಲಿಕೈ ಪಡೆದ ಅರ್ಧ ಗಂಟೆಯೊಳಗೆ ಹೆದ್ದಾರಿ ಸೇರಿದೆವು ಎಂದು ಲೇಖಕರು ಸಂಭ್ರಮದಿಂದ ಬರೆದಿರುವ ಒಂದು ಸಾಲಿನ ಬಗ್ಗೆ ಮಾತ್ರ ನನ್ನ ತಕರಾರಿದೆ. ತಮ್ಮ ಓದುಗರಲ್ಲಿ ಅನೇಕರ ಮಕ್ಕಳು ಅಲ್ಲಿದ್ದಾರೆ, ಅವರಲ್ಲಿ ಕೆಲವರು ಇಂತಹ ಗಾಡಿ ಕೊಳ್ಳುವ ಯೋಚನೆಯಲ್ಲೂ ಇರಬಹುದು. ಅವರು ಆ ಸಾಲನ್ನು ಮಾದರಿಯೆಂದು ತಿಳಿಯಬಾರದೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಪೀಣ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಹೊರಗಿನಿಂದ ಬರುವ ಬಿಡಿಭಾಗಗಳ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು. ಸದ್ಯಕ್ಕೆ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಮಗಳ ಮನೆಗೆ ಬಂದಿದ್ದೇನೆ. ಎರಡು ವರ್ಷದ ಹಿಂದೆ ಬಂದಿದ್ದಾಗ ಮಗಳ ಗೆಳತಿಯ ಕುಟುಂಬದವರು ಹೊಸ ಟ್ರೇಲರ್ ಕೊಂಡು, ತಮ್ಮ ಮೊದಲ ಪ್ರವಾಸಕ್ಕೆ ನಮ್ಮನ್ನೂ ಹಾಕಿಂಗ್ ಹಿಲ್ಸ್ ಎಂಬ ಕಾಡಿನ ಉದ್ಯಾನಕ್ಕೆ ಕರೆದೊಯ್ದಿದ್ದರು. ಅವರೂ ಡೀಲರ್‌ನ ಅಂಗಳದಿಂದ ಒಂದು ಗಂಟೆಯೊಳಗೆ ಗಾಡಿ ಎಳೆದು ತಂದವರೇ. ರಾತ್ರಿ ಊಟವಾದ ಮೇಲೆ ಆ ಹೆಣ್ಣುಮಗಳು ಅಡುಗೆ ಸಿಂಕಿನ ಬಿರಡೆ ಹಾಕಿ, ನೀರು ತುಂಬಿಸಿ, ಪಾತ್ರೆ ತೊಳೆದು, ಬಿರಡೆ ತೆಗೆದರು. ಎರಡೇ ಕ್ಷಣದಲ್ಲಿ ಕೆಳಗಿನ ಕಪಾಟಿನ ಬಾಗಿಲ ಸಂದಿಯಿಂದ ಸಾರಿನ ಬಣ್ಣದ ನೀರು ನೆಲಕ್ಕೆ ಹರಿಯತೊಡಗಿತು. ಬಾಗಿಲು ತೆರೆದು ನೋಡಿದರೆ ಸಿಂಕಿನ ಕೆಳಗಿನ ಪ್ಲಾಸ್ಟಿಕ್ ಕೊಳವೆಯ ತಿರುಪಿನ ಬಳೆ ಒಂದೂವರೆ ಸುತ್ತು ಮಾತ್ರ ಕೂತಿತ್ತು, ಅದನ್ನು ಯಾರೂ ಬಿಗಿ ಮಾಡಿರಲಿಲ್ಲ. ಹತ್ತು ಕಿಲೋ ಸೋನಾ ಮಸೂರಿ ಅಕ್ಕಿಯ ಚೀಲ ತೊಯ್ದು ಹೋಯಿತು. ಅಕ್ಕಿ ಹೋದರೆ ಹೋಗಲಿ, ಕಪಾಟಿನ ತಳಕ್ಕೆ ಹಾಕಿದ್ದ ಒತ್ತುಹಲಗೆ ಬೆಳಗಾಗುವಷ್ಟರಲ್ಲಿ ಹಪ್ಪಳದಂತೆ ಉಬ್ಬಿಕೊಂಡಿತ್ತು.

ಡೆಲಿವರಿಯ ದಿನ ಆ ನಲ್ಲಿಯನ್ನು ಪರೀಕ್ಷಿಸಿರಲಿಲ್ಲವೇ ಎಂದು ಕೇಳಿದೆ. ಪರೀಕ್ಷಿಸಿದ್ದರಂತೆ. ಡೀಲರ್‌ನ ನೌಕರ ನಲ್ಲಿ ತಿರುಗಿಸಿ, ನೀರು ಬಂದದ್ದನ್ನು ತೋರಿಸಿ, ಮುಚ್ಚಿದ್ದನಂತೆ. ನೀರು ಬರುವುದನ್ನು ನೋಡಿದ್ದರು, ಹೋಗುವುದನ್ನು ನೋಡಿರಲಿಲ್ಲ. ಇಲ್ಲಿ ಈ ಕ್ರಮಕ್ಕೆ ವಾಕ್‌ಥ್ರೂ ಎನ್ನುತ್ತಾರೆ. ಯಾವ ಸ್ವಿಚ್ ಎಲ್ಲಿದೆ, ಯಾವ ಕೀಲಿ ಯಾವ ಬಾಗಿಲಿಗೆ ಎಂದು ಹೊಸ ಮಾಲೀಕರಿಗೆ ಗಾಡಿಯನ್ನು ಪರಿಚಯಿಸುವುದೇ ಅದರ ಉದ್ದೇಶ. ಅದು ಬೇಕಾದದ್ದೇ, ಆದರೆ ಅದನ್ನು ತಪಾಸಣೆ ಎಂದು ಭಾವಿಸುವವರೇ ಹೆಚ್ಚು.

ಕಾರು ಕೊಂಡ ಅನುಭವದಿಂದ ಇದನ್ನು ಅಳೆಯುವುದು ತಪ್ಪು. ಕಾರಿನ ಕಾರ್ಖಾನೆಯಲ್ಲಿ ಯಂತ್ರಗಳ ಪಾಲು ದೊಡ್ಡದು. ಟ್ರಾವೆಲ್ ಟ್ರೇಲರ್ ಮಾತ್ರ ಇಂದಿಗೂ ಬಹುಮಟ್ಟಿಗೆ ಕೈಕೆಲಸದ ಸರಕು. ಉತ್ತರ ಅಮೆರಿಕದ ಇಂತಹ ಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದಲ್ಲಿ, ಅದರಲ್ಲೂ ಎಲ್ಕಾರ್ಟ್ ಎಂಬ ಊರಿನ ಸುತ್ತಮುತ್ತ. ಉಕ್ಕಿನ ಚಾಸಿಯ ಮೇಲೆ ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು ನಿಲ್ಲಿಸಿ, ಗೋಡೆ, ಕೊಳವೆ, ವೈರು, ಕಪಾಟು ಎಲ್ಲವನ್ನೂ ಜನರೇ ಸ್ಕ್ರೂ ಮತ್ತು ಪಿನ್ನು ಹೊಡೆದು ಜೋಡಿಸುತ್ತಾರೆ. ಆ ಬಳಿಕ ಗಾಡಿಯನ್ನು ನೂರಾರು ಮೈಲಿ ಎಳೆದು ಡೀಲರ್‌ನ ಅಂಗಳಕ್ಕೆ ತರುತ್ತಾರೆ, ಅಷ್ಟು ದೂರದ ಕುಲುಕಾಟದಲ್ಲಿ ಅರೆಬಿಗಿ ಇದ್ದದ್ದು ಪೂರ್ತಿ ಸಡಿಲವಾಗುತ್ತದೆ. ಬಾಗಿಲ ಪಕ್ಕದಲ್ಲಿ ಉದ್ಯಮ ಸಂಘದ ಮುದ್ರೆ ಅಂಟಿಸಿರುತ್ತಾರೆ. ವಿದ್ಯುತ್, ಕೊಳಾಯಿ, ಗ್ಯಾಸ್ ವ್ಯವಸ್ಥೆಗಳ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ಗಾಡಿ ಕಟ್ಟಿದ್ದೇವೆಂಬ ತಯಾರಕರ ಘೋಷಣೆ ಅದು. ಪ್ರತಿ ಗಾಡಿಯ ಪ್ರತಿ ತಿರುಪನ್ನೂ ಯಾರೋ ತಿರುಗಿಸಿ ನೋಡಿದ್ದಾರೆಂದು ಅದಕ್ಕೆ ಅರ್ಥವಲ್ಲ.

ಈ ವರ್ಷ ನನ್ನ ಮಗಳು ಮತ್ತು ಅಳಿಯ ತಾವೂ ಒಂದು ಟ್ರೇಲರ್ ಕೊಳ್ಳುವುದೆಂದು ತೀರ್ಮಾನಿಸಿದಾಗ ನಾನು ಒಂದೇ ಷರತ್ತು ಹಾಕಿದೆ. ಗಾಡಿಗೆ ನೀರು, ಕರೆಂಟು, ಗ್ಯಾಸು ಮೂರನ್ನೂ ಕೊಟ್ಟು, ಎಲ್ಲವನ್ನೂ ನಾವೇ ನಡೆಸಿ ನೋಡುವ ತನಕ ಬಾಕಿ ಹಣ ಕೊಡಬಾರದು, ಸ್ವೀಕೃತಿ ಪತ್ರಕ್ಕೆ ರುಜು ಹಾಕಬಾರದು. ಮುಂಗಡ ಕೊಡುವಾಗಲೇ ಈ ಮಾತನ್ನು ಕರಾರಿನಲ್ಲಿ ಬರೆಸಿಕೊಂಡೆವು. ವಾರಾಂತ್ಯದಲ್ಲಿ ಡೀಲರ್‌ನ ಸರ್ವಿಸ್ ವಿಭಾಗದಲ್ಲಿ ಕೆಲಸಗಾರರು ಕಡಿಮೆ ಇರುತ್ತಾರಾದ್ದರಿಂದ ಡೆಲಿವರಿಗೆ ಮಂಗಳವಾರ ಬೆಳಗ್ಗೆ ಒಂಬತ್ತರ ಹೊತ್ತನ್ನು ಕೇಳಿದೆವು. ಮಂಗಳವಾರ ಎಂದೊಡನೆ ನನ್ನ ಶ್ರೀಮತಿ ಪಂಚಾಂಗ ತೆಗೆದು, ಮೂರರಿಂದ ನಾಲ್ಕೂವರೆ ರಾಹುಕಾಲ, ಅಷ್ಟರೊಳಗೆ ರುಜು ಮುಗಿಯಬೇಕೆಂದರು. ಒಂದೂವರೆ ಗಂಟೆಯ ಕೆಲಸವೆಂದು ಡೀಲರ್‌ನವರೂ ಭರವಸೆ ಕೊಟ್ಟರು. ನಾವು ಕೊನೆಗೆ ರುಜು ಹಾಕಿದ್ದು ಐದು ಗಂಟೆಗೆ, ಹೀಗಾಗಿ ರಾಹುಕಾಲ ತಾನಾಗಿಯೇ ಕಳೆದುಹೋಗಿತ್ತು.

ಮೊದಲ ಕೆಲಸವಾಗಿ ಶುದ್ಧ ನೀರಿನ ಟ್ಯಾಂಕನ್ನು ಪೂರ್ತಿ ತುಂಬಿಸಿದೆವು. ನಲವತ್ತು ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಬಳಿಕ ಎಲ್ಲ ನಲ್ಲಿಗಳಲ್ಲಿ ಗಾಳಿ ಹೋಗಿ ನೀರು ಸರಾಗವಾಗಿ ಬರುವ ತನಕ ಬಿಟ್ಟು, ಮುಚ್ಚಿ, ಪಂಪಿನ ಸ್ವಿಚ್ಚನ್ನು ಹಾಕಿಯೇ ಇಟ್ಟೆವು. ಕೊಳವೆಯೊಳಗೆ ಒತ್ತಡ ಏರಿದೊಡನೆ ಪಂಪು ತಾನಾಗಿ ನಿಲ್ಲಬೇಕು, ಯಾರಾದರೂ ನಲ್ಲಿ ತಿರುಗಿಸುವ ತನಕ ಮತ್ತೆ ಓಡಬಾರದು. ನಮ್ಮದು ನಿಂತಿತು. ಹನ್ನೆರಡು ನಿಮಿಷವಾದ ಮೇಲೆ ಗುರ್ ಎಂದು ಒಂದು ಕ್ಷಣ ಓಡಿ ಮತ್ತೆ ಸುಮ್ಮನಾಯಿತು. ಹೊಸ ಪಂಪು ಹಾಗೆಯೇ ಎಂದು ನೌಕರ ಸಮಾಧಾನ ಹೇಳಿದ. ಪಂಪಿಗೆ ಹೊಸದು ಹಳೆಯದೆಂಬ ಭೇದವಿಲ್ಲ; ಒತ್ತಡ ಇಳಿದಿದೆಯೆಂದರೆ ನೀರು ಎಲ್ಲಿಗೋ ಹೋಗಿರಲೇಬೇಕು. ಬಿಳಿಯ ಟಿಶ್ಯೂ ಕಾಗದವನ್ನು ಒಂದೊಂದೇ ಜೋಡಣೆಯ ಕೆಳಗೆ ಇಡುತ್ತಾ ಹೋದೆ. ಸಿಂಕಿನ ಕೆಳಗೆ ಒಣಗಿತ್ತು, ಸ್ನಾನದ ಕೊಳವೆಯ ಬಳಿಯೂ ಒಣಗಿತ್ತು. ಶೌಚಾಲಯದ ಹಿಂಬದಿಗೆ ಕೈ ಚಾಚಿ ಇಟ್ಟ ಕಾಗದದ ಮೇಲೆ ನಾಲ್ಕಾಣೆ ಅಗಲದ ಒದ್ದೆ ಕಲೆ ಮೂಡಿತು. ನಿಮಿಷಕ್ಕೊಂದು ಹನಿಯೂ ಇರಲಿಲ್ಲ. ಆದರೆ ಆ ಹನಿ ಬೀಳುತ್ತಿದ್ದದ್ದು ಹೊರಗೆ ಕಾಣದಂತೆ ಮುಚ್ಚಿದ ನೆಲಹಲಗೆಯ ಮೇಲೆ, ಒಂದು ಮಳೆಗಾಲದಲ್ಲಿ ಅದು ಆ ಹಲಗೆಯನ್ನು ಕೊಳೆಸಲು ಸಾಕು. ಸರ್ವಿಸ್‌ನ ಹಿರಿಯ ಮೇಸ್ತ್ರಿಯೊಬ್ಬರು ಬಂದು ವಾಷರ್ ಬದಲಿಸಿದರು, ಹತ್ತು ನಿಮಿಷದ ಕೆಲಸ.

ಸಿಂಕುಗಳನ್ನು ತುಂಬಿಸಿ ಒಮ್ಮೆಲೇ ಖಾಲಿ ಮಾಡಿದ್ದು, ಫ್ರಿಜ್ಜನ್ನು ಹಿಂದಿನ ದಿನವೇ ಚಾಲೂ ಮಾಡಿಡಲು ಹೇಳಿದ್ದು, ಒಲೆ, ಹೀಟರು, ಎಸಿ ಪ್ರತಿಯೊಂದನ್ನೂ ಇಪ್ಪತ್ತು ನಿಮಿಷ ಓಡಿಸಿದ್ದು, ಇವುಗಳ ವಿವರ ಬೇಡ. ನೀರು ಕಾಯಿಸುವ ಟ್ಯಾಂಕಿನ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಬಿಸಿನೀರಿನ ನಲ್ಲಿಯಲ್ಲಿ ನೀರು ಧಾರೆಯಾಗಿ ಬಂದು, ಟ್ಯಾಂಕು ತುಂಬಿದೆಯೆಂದು ಖಾತ್ರಿಯಾಗುವ ಮುಂಚೆ ಅದರ ವಿದ್ಯುತ್ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಗ್ಯಾಸ್ ಸೋರಿಕೆಯನ್ನು ಡೀಲರ್‌ನವರು ಒತ್ತಡಮಾಪಕ ಕಟ್ಟಿ ನಮ್ಮ ಮುಂದೆಯೇ ಪರೀಕ್ಷಿಸಿ ತೋರಿಸಬೇಕು. ಇಲ್ಲಿನ ಪ್ರೊಪೇನ್ ನಮ್ಮ ಅಡುಗೆ ಗ್ಯಾಸಿನಂತೆಯೇ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುವುದರಿಂದ ಅದನ್ನು ಪತ್ತೆಹಚ್ಚುವ ಸಾಧನವನ್ನೂ ನೆಲದ ಹತ್ತಿರವೇ ಕೂರಿಸಿರುತ್ತಾರೆ, ಅದರ ಗುಂಡಿಯೊತ್ತಿ ಸದ್ದು ಕೇಳದೆ ಹೊರಡಬಾರದು.

ಚಾವಣಿಗೆ ಏಣಿ ಹಾಕಿಕೊಂಡು ಹತ್ತುವವರು ಕಡಿಮೆ. ರಬ್ಬರ್ ಹಾಳೆ ಹೊದಿಸಿದ ಆ ಚಾವಣಿಯಲ್ಲಿ ಗಾಳಿಕಿಂಡಿ, ಬೆಳಕಿಂಡಿ, ಎಸಿ ಎಂದು ಎಷ್ಟೋ ತೂತುಗಳಿರುತ್ತವೆ, ಪ್ರತಿಯೊಂದರ ಸುತ್ತಲೂ ಮೆತ್ತಿದ ಅಂಟು ಎಲ್ಲೂ ಬಿರುಕು ಬಿಡದೆ ಕೂಡಿರಬೇಕು. ಗೋಡೆಗಳ ಹೊರಮೈಯನ್ನು ನೇರವಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಕೆನ್ನೆಯನ್ನು ಗೋಡೆಗೆ ತಾಗಿಸಿದಂತೆ ನಿಂತು, ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದರೆ ಒಳಗಿನ ಪದರ ಬಿಟ್ಟುಕೊಂಡ ಕಡೆ ಮೈ ಅಲೆಯಲೆಯಾಗಿ ಕಾಣುತ್ತದೆ. ಮಳೆ ಬೀಳುವ ದಿನ ಡೆಲಿವರಿ ಸಿಕ್ಕರೆ ಅದನ್ನು ಅದೃಷ್ಟವೆಂದೇ ತಿಳಿಯಬೇಕು. ಜನ ಮಾತ್ರ ಬಿಸಿಲು ಬರಲೆಂದು ಮುಂದಕ್ಕೆ ಹಾಕುತ್ತಾರೆ.

ಗಾಡಿ ನಿರ್ದೋಷವಾಗಿದ್ದರೂ ಅದನ್ನು ಎಳೆಯುವ ವಾಹನಕ್ಕೆ ಅದು ಒಗ್ಗದಿರಬಹುದು. ಎಷ್ಟು ಪೌಂಡ್ ಎಳೆಯಬಲ್ಲದೆಂಬ ಜಾಹೀರಾತಿನ ದೊಡ್ಡ ಅಂಕಿಯನ್ನೇ ಎಲ್ಲರೂ ನೋಡುತ್ತಾರೆ. ಪಿಕಪ್ಪಿನ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯ ಮೇಲೆ, ಜನ ಮತ್ತು ಸಾಮಾನು ಒಟ್ಟು ಎಷ್ಟು ತೂಕ ಮೀರಬಾರದೆಂಬ ಇನ್ನೊಂದು ಅಂಕಿಯಿರುತ್ತದೆ. ಅಳಿಯನ ವಾಹನದಲ್ಲಿ ಅದು 1,500 ಪೌಂಡ್. ತುಂಬಿದಾಗ 6,000 ಪೌಂಡ್ ತೂಗುವ ಟ್ರೇಲರ್ ತನ್ನ ತೂಕದ ಶೇ 10ರಿಂದ 15ರಷ್ಟನ್ನು ಕೊಂಡಿಯ ಮೇಲೆ ಊರಬೇಕು, ಇಲ್ಲದಿದ್ದರೆ ವೇಗದಲ್ಲಿ ಬಾಲ ಅಲ್ಲಾಡಿಸುತ್ತದೆ. ಶೇ 12 ಎಂದು ಹಿಡಿದರೆ 720 ಪೌಂಡ್. ತಲಾ 70 ಕಿಲೋದಂತೆ ನಾಲ್ಕು ಜನಕ್ಕೆ ಸುಮಾರು 617 ಪೌಂಡ್, ಟ್ರೇಲರ್‌ನ ಭಾರವನ್ನು ಗಾಲಿಗಳಿಗೆಲ್ಲ ಹಂಚುವ ಕೊಂಡಿಯ ಸಾಧನಕ್ಕೆ (ಹಿಚ್) 100. ಉಳಿಯುವುದು 63 ಪೌಂಡ್, ಅಂದರೆ 25 ಕಿಲೋದ ಒಂದು ಅಕ್ಕಿ ಮೂಟೆಗಿಂತ ತುಸು ಹೆಚ್ಚು. ಈ ಲೆಕ್ಕವನ್ನು ಅಡುಗೆಮನೆಯ ಮೇಜಿನ ಮೇಲೆ ಮಾಡಿದ್ದರಿಂದಲೇ ಮೊದಲು ಮನಸ್ಸಿಟ್ಟಿದ್ದ ಉದ್ದದ ಗಾಡಿಯನ್ನು ಕೈಬಿಟ್ಟು, 4,500 ಪೌಂಡಿನದನ್ನು ಆರಿಸಿದೆವು. ಟೈರುಗಳ ಮೇಲಿನ ಡಾಟ್ (ಅಮೆರಿಕದ ಸಾರಿಗೆ ಇಲಾಖೆಯ) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಅವು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ, ಅದನ್ನೂ ಓದಿಕೊಂಡೆವು. ಚಕ್ರದ ನಟ್ಟುಗಳನ್ನು ಮೊದಲ 10, 25, 50 ಮೈಲಿಗಳಲ್ಲಿ ಮತ್ತೆ ಬಿಗಿ ಮಾಡಬೇಕೆಂದು ಕೈಪಿಡಿಯಲ್ಲಿದೆ, ಡೆಲಿವರಿ ಕೊಟ್ಟವರು ಮಾತ್ರ ಆ ಮಾತೆತ್ತಲಿಲ್ಲ.

ಹೊಸ ಗಾಡಿಯ ಚಕ್ರಕ್ಕೆ ನಾವು ನಿಂಬೆಹಣ್ಣು ಇಟ್ಟು ಹೊರಡುತ್ತೇವೆ. ಅಮೆರಿಕದವರು ಪದೇಪದೇ ಕೆಡುವ ಹೊಸ ವಾಹನವನ್ನೇ ನಿಂಬೆಹಣ್ಣು ಎನ್ನುತ್ತಾರೆ, ಅಂತಹದನ್ನು ಹಿಂದಿರುಗಿಸುವ ಕಾನೂನಿಗೆ ಲೆಮನ್ ಕಾನೂನೆಂದೇ ಹೆಸರು. ಆದರೆ ಹಲವು ರಾಜ್ಯಗಳಲ್ಲಿ ಆ ಕಾನೂನು ಎಳೆದೊಯ್ಯುವ ಟ್ರೇಲರ್‌ಗಳಿಗೆ ಅನ್ವಯಿಸುವುದಿಲ್ಲ. ಮೂರು ದಿನದೊಳಗೆ ಮನಸ್ಸು ಬದಲಿಸಿ ಹಿಂದಿರುಗಿಸಬಹುದೆಂಬ ನಂಬಿಕೆಯೂ ನಮ್ಮವರಲ್ಲಿದೆ. ಡೀಲರ್‌ನ ಕಾಯಂ ಮಳಿಗೆಯಲ್ಲಿ ಮಾಡಿದ ಖರೀದಿಗೆ ಆ ಕೇಂದ್ರೀಯ ನಿಯಮ ಸಲ್ಲದು. 1975ರ ಮ್ಯಾಗ್ನಸನ್–ಮಾಸ್ ಕಾಯಿದೆ ಲಿಖಿತ ವಾರಂಟಿಗೆ ಬಲ ಕೊಡುತ್ತದೆ, ನಿಜ. ಆದರೆ ವಾರಂಟಿಯಿದ್ದರೂ ಬೇಸಿಗೆಯಲ್ಲಿ ರಿಪೇರಿಯ ಸರದಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ, ಗಾಡಿ ಅಲ್ಲಿದ್ದರೂ ಸಾಲದ ಕಂತು ಇಲ್ಲಿ ತಪ್ಪದೆ ಕಟ್ಟಬೇಕು. ಮಗಳ ಗೆಳತಿಯ ಗಾಡಿ ತನ್ನ ಮೊದಲ ಬೇಸಿಗೆಯ ಅರ್ಧವನ್ನು ಡೀಲರ್‌ನ ಅಂಗಳದಲ್ಲೇ ಕಳೆಯಿತು. ಹಣ ಪೂರ್ತಿ ಸಲ್ಲುವ ಮುನ್ನ ಹತ್ತು ನಿಮಿಷದಲ್ಲಿ ಆಗುವ ಕೆಲಸಕ್ಕೆ ಸಂದ ಬಳಿಕ ಒಂದೂವರೆ ತಿಂಗಳು ಹಿಡಿಯಿತು.

ಡೀಲರ್‌ಗಳೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ನಾವು ಕೇಳಿದ್ದಕ್ಕೆಲ್ಲ ಆ ಮೇಸ್ತ್ರಿ ಬೇಸರಿಸದೆ ಬಂದರು, ಮಧ್ಯಾಹ್ನ ನಮ್ಮ ಚಿತ್ರಾನ್ನವನ್ನೂ ಹಂಚಿಕೊಂಡರು. ಮಾರಾಟದ ಮೇಜಿನವರಿಗಷ್ಟೇ ಆತುರ. ತಾವೇ ನೋಡಲು ಧೈರ್ಯವಿಲ್ಲದವರಿಗೆ ಈ ಕೆಲಸಕ್ಕೆಂದೇ ತರಬೇತಾದ ಸ್ವತಂತ್ರ ತಪಾಸಕರು ಹಣ ಕೊಟ್ಟರೆ ಸಿಗುತ್ತಾರೆ. ಅವರನ್ನು ಅಂಗಳಕ್ಕೆ ಬಿಡಲು ಒಪ್ಪದ ಡೀಲರ್‌ಗೆ ಮುಂಗಡ ಕೊಡದಿರುವುದು ಲೇಸು.

ಅಂದು ನಾವು ಬರೆದ ಪಟ್ಟಿಯಲ್ಲಿ ಹದಿನಾಲ್ಕು ದೋಷಗಳಿದ್ದವು. ಹನ್ನೊಂದು ಅಂದೇ ಸರಿಯಾದವು, ಎರಡನ್ನು ಮರುವಾರ ಮಾಡಿಕೊಟ್ಟರು. ಹೊರಕ್ಕೆ ಚಾಚುವ ಸ್ಲೈಡ್‌ಔಟ್ ಕೋಣೆಯ ರಬ್ಬರ್ ಪಟ್ಟಿಯೊಂದು ಕಾರ್ಖಾನೆಯಿಂದ ಬರಬೇಕಿದೆ. ಅದನ್ನು ತಮ್ಮ ಖರ್ಚಿನಲ್ಲೇ ಹಾಕಿಕೊಡುವುದಾಗಿ ಡೀಲರ್ ದಿನಾಂಕ ಸಹಿತ ರುಜು ಮಾಡಿದ ಕಾಗದ ಟ್ರೇಲರ್‌ನ ಫ್ರಿಜ್ಜಿನ ಬಾಗಿಲ ಮೇಲಿದೆ, ಪಟ್ಟಿ ಬರುವ ತನಕ ಮಳೆಯ ದಿನಗಳಲ್ಲಿ ಆ ಕೋಣೆಯನ್ನು ಚಾಚದೆ ಒಳಗೇ ಇಟ್ಟುಕೊಂಡಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗುಣಮಟ್ಟ ತಪಾಸಕ,
ರಾಜಾಜಿನಗರ, ಬೆಂಗಳೂರು (ಸದ್ಯ ಕೊಲಂಬಸ್, ಒಹಾಯೊ)