ಮಗಳಿಗೊಂದು ಪತ್ರ: ಹಿಮದಲ್ಲಿ ಕೂತು ಮಾಡಿದ ಲೆಕ್ಕ

ಪ್ರೀತಿಯ ಪುಟ್ಟಿ,

ನಿನ್ನ ಫಿಸಿಕ್ಸ್ ಪುಸ್ತಕದಲ್ಲಿ ಪರಮಾಣು ವಿದಳನದ (ಅಂದರೆ ಪರಮಾಣುವಿನ ನ್ಯೂಕ್ಲಿಯಸ್ ಒಡೆದು ಎರಡಾಗುವುದರ) ಪಾಠದಲ್ಲಿ ಒಟ್ಟೊ ಹಾನ್ ಹೆಸರು ಮಾತ್ರ ಇದೆ ಅಂದೆಯಲ್ಲ, ಅದರ ಪಕ್ಕ ಪೆನ್ಸಿಲ್‌ನಲ್ಲಿ ಇನ್ನೊಂದು ಹೆಸರು ಬರೆದುಕೋ: ಲೀಸ ಮೈಟ್ನರ್.

ಅವರು ಹುಟ್ಟಿದ್ದು 1878ರಲ್ಲಿ, ವಿಯೆನ್ನಾದಲ್ಲಿ. ಹೆಣ್ಣುಮಕ್ಕಳ ಓದು ಆಗ ಅಲ್ಲಿ ಹದಿನಾಲ್ಕಕ್ಕೇ ಮುಗಿಯುತ್ತಿತ್ತು. ಮನೆಪಾಠ ಹೇಳಿಸಿಕೊಂಡು, ಪರೀಕ್ಷೆ ಕಟ್ಟಿ, 1906ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಬರ್ಲಿನ್‌ಗೆ ಹೋದರೆ, ಹಾನ್ ಇದ್ದ ಸಂಸ್ಥೆಯಲ್ಲಿ ಹೆಂಗಸರಿಗೆ ಪ್ರವೇಶವೇ ಇಲ್ಲ! ಕೆಳಗಿದ್ದ ಹಳೆಯ ಬಡಗಿ ಕೋಣೆಯಲ್ಲಿ ಕೆಲಸ ಮಾಡಬೇಕು, ಮೇಲಿನ ಲ್ಯಾಬಿಗೆ ಕಾಲಿಡುವಂತಿಲ್ಲ. ಸಂಬಳವೂ ಇಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹಾನ್ ಜೊತೆ ಮೂವತ್ತು ವರ್ಷ ದುಡಿದರು. ಯಹೂದಿ ಮನೆತನದವರಾದ್ದರಿಂದ 1938ರ ಜುಲೈನಲ್ಲಿ ಜರ್ಮನಿ ಬಿಟ್ಟು ಓಡಬೇಕಾಯಿತು. ಕೈಯಲ್ಲಿ ಇದ್ದದ್ದು ಬರೀ 10 ಮಾರ್ಕ್. ಗಡಿಯಲ್ಲಿ ಬೇಕಾದೀತು ಅಂತ ಹಾನ್ ತಮ್ಮ ತಾಯಿಯ ವಜ್ರದುಂಗುರ ಕೊಟ್ಟು ಕಳಿಸಿದ್ದರು.

ಅದೇ ಡಿಸೆಂಬರ್‌ನಲ್ಲಿ, ಅವರು ಹೋಗಿ ಸೇರಿದ್ದ ಸ್ವೀಡನ್‌ಗೆ ಹಾನ್ ಪತ್ರ ಬಂತು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಬೇರಿಯಂ ಸಿಗುತ್ತಿದೆ, ಇದು ಹೇಗೆ? ಯುರೇನಿಯಂ 92ನೇ ಧಾತು, ಬೇರಿಯಂ 56ನೆಯದು. ನ್ಯೂಕ್ಲಿಯಸ್‌ನಿಂದ ಚೂರುಪಾರು ಉದುರಬಹುದು ಅಷ್ಟೆ ಅಂತ ಎಲ್ಲರೂ ನಂಬಿದ್ದ ಕಾಲ ಅದು.

ಕ್ರಿಸ್ಮಸ್‌ಗೆ ಕುಂಗೆಲ್ವ್ ಊರಿಗೆ ಬಂದಿದ್ದ ಅಕ್ಕನ ಮಗ, ಭೌತವಿಜ್ಞಾನಿ ಒಟ್ಟೊ ಫ್ರಿಶ್ ಜೊತೆ ವಾಕಿಂಗ್ ಹೊರಟರು. ಅವನು ಸ್ಕೀ ಮೇಲೆ, ಅರವತ್ತರ ಈ ಚಿಕ್ಕಮ್ಮ ಕಾಲ್ನಡಿಗೆಯಲ್ಲಿ. ಹಿಮದ ನಡುವೆ ಒಂದು ಮರದ ದಿಮ್ಮಿ ಮೇಲೆ ಕೂತು, ಚೀಟಿಗಳ ಮೇಲೆ ಲೆಕ್ಕ ಹಾಕಿದರು. ನ್ಯೂಕ್ಲಿಯಸ್ ಒಂದು ದ್ರವದ ಹನಿಯಂತೆ ಅಲುಗಾಡಿ, ನಡು ಸಣ್ಣಗಾಗಿ, ಎರಡಾಗಬಹುದಲ್ವಾ? ಆದರೆ ಆ ಹೋಳುಗಳು ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿಂದ ದೂರ ಚಿಮ್ಮಬೇಕು. ಅಷ್ಟು ಶಕ್ತಿ ಎಲ್ಲಿಂದ? ನ್ಯೂಕ್ಲಿಯಸ್‌ಗಳ ದ್ರವ್ಯರಾಶಿ ಲೆಕ್ಕ ಹಾಕುವ ವಿಧಾನ ಮೈಟ್ನರ್‌ಗೆ ಬಾಯಲ್ಲೇ ಇತ್ತು. ಒಡೆದಾಗ ಪ್ರೋಟಾನಿನ ಐದನೇ ಒಂದು ಭಾಗದಷ್ಟು ದ್ರವ್ಯರಾಶಿ ಕಡಿಮೆಯಾಗುತ್ತದೆ. ಐನ್‌ಸ್ಟೈನ್ ಹೇಳಿದಂತೆ (E = mc²) ಆ ಕಡಿಮೆಯಾದ ದ್ರವ್ಯರಾಶಿಯೇ ಶಕ್ತಿಯಾಗುತ್ತದೆ. ಎರಡೂ ತಾಳೆಯಾಯಿತು!

1944ರ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಹಾನ್ ಮತ್ತು ಅವರ ಸಹೋದ್ಯೋಗಿ ಸ್ಟ್ರಾಸ್‌ಮನ್ ಮಾಡಿದ ಕೆಲಸ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮೈಟ್ನರ್ ಅವರನ್ನು ಬಿಟ್ಟದ್ದು ಅನ್ಯಾಯ. ಅಣುಬಾಂಬ್ ಕೆಲಸಕ್ಕೆ ಕರೆ ಬಂದಾಗ ಅವರು ಖಡಾಖಂಡಿತವಾಗಿ ಒಲ್ಲೆ ಅಂದಿದ್ದರು, ಅದನ್ನೂ ತಿಳಿದಿರು. ಈಗ 109ನೇ ಧಾತುವಿಗೆ ಅವರ ಹೆಸರಿದೆ: ಮೈಟ್ನೇರಿಯಂ.

ಭಾನುವಾರ ಪುರುಸೊತ್ತು ಮಾಡಿಕೊಂಡು ಆ ಲೆಕ್ಕ ನೀನೂ ಹಾಕು. ಪ್ರೋಟಾನಿನ ದ್ರವ್ಯರಾಶಿಯನ್ನು ಶಕ್ತಿಯ ಲೆಕ್ಕದಲ್ಲಿ ಹೇಳಿದರೆ 938 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಅದನ್ನು ಐದರಿಂದ ಭಾಗಿಸು. ಎಷ್ಟು ಬಂತು ಅಂತ ಫೋನ್ ಮಾಡಿ ಹೇಳು.

ನಿನ್ನ
ಅಮ್ಮ